ಬೀಗರು ಹೋಗುವ ತನಕ ಬಿಸಿಲು ಕಾಣದ ಮರಿಗಳು

ಹೋದ ತಿಂಗಳು ಹಾರೂಗೇರಿಯ ನಮ್ಮ ಮನೆಗೆ ಇಬ್ಬರು ಬಂದಿದ್ದರು. ಇಬ್ಬರೂ ದನದ ದವಾಖಾನೆಯ ನೌಕರಿಗೆ ಹೊಸದಾಗಿ ಸೇರಿದವರು. ನಿವೃತ್ತನಾಗುವ ತನಕ ನಾನು ಮಾಡುತ್ತಿದ್ದ ಕೆಲಸವೇ ಅವರದೂ. ಒಂದು ದಿನದ ಕೋಳಿಮರಿಗಳನ್ನು ಬಲ್ಬಿನ ಕಾವಿನಲ್ಲಿ ಸಾಕುವುದು, ಆಮೇಲೆ ಹೊರಗಿನ ಗಾಳಿ ಬಿಸಿಲಿಗೆ ರೂಢಿ ಮಾಡಿಸಿ ಊರ ಹೆಣ್ಣುಮಕ್ಕಳಿಗೆ ಕೊಡುವುದು, ಕೊಟ್ಟ ಮೇಲೆ ಹೋಗಿ ನೋಡಿಕೊಂಡು ಬರುವುದು. "ನಿಮ್ಮ ಅನುಭವ ಹೇಳ್ರಿ ಸರ" ಎಂದರು. ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವರಲ್ಲೊಬ್ಬ ಮೊಬೈಲ್ ತೆಗೆದು, ಎಷ್ಟನೆಯ ದಿನ ಎಷ್ಟು ಕಾವು ಇರಬೇಕು, ಎಷ್ಟನೆಯ ದಿನ ಮರಿ ಹೊರಗೆ ಹೋಗಬೇಕು ಎಂಬ ಪಟ್ಟಿಯನ್ನು ನನಗೇ ಓದಿ ತೋರಿಸಿದ. ಚಹಾ ಕುಡಿಸಿ ಕಳಿಸಿದೆ. ಆವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಓದುವುದು ಬಿಡುವುದು ಅವರಿಗೆ ಸೇರಿದ್ದು.

ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಮರಿ ಬಂದಾಗ ಅದರ ಮೈಮೇಲೆ ಇರುವುದು ಬರೀ ಹತ್ತಿಯಂಥ ತುಪ್ಪಳ, ಗರಿಯಲ್ಲ. ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ತಗಡಿನ ಸುತ್ತುಗಟ್ಟಿ, ಕೆಳಗೆ ಶೇಂಗಾ ಹೊಟ್ಟು ಹರವಿ, ಮೇಲೆ ಬುಟ್ಟಿಗೆ ಬಲ್ಬು ಕಟ್ಟಿ ಇಳಿಬಿಡುತ್ತೇವೆ. ಇದಕ್ಕೆ ಬ್ರೂಡರ್ ಎನ್ನುತ್ತಾರೆ. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತರೆ ಅವಕ್ಕೆ ಚಳಿ. ತಗಡಿಗೆ ಹತ್ತಿಕೊಂಡು ಬಾಯಿ ತೆರೆದು ನಿಂತರೆ ಸೆಕೆ. ಅಲ್ಲೊಂದು ಇಲ್ಲೊಂದು ಹರಡಿಕೊಂಡು ಕೆದರುತ್ತಿದ್ದರೆ ನೀವು ಸುಮ್ಮನಿರಬೇಕು. ರೆಕ್ಕೆ ಬಿಡಿಸಿ ನೋಡಬೇಕು, ಬೆನ್ನ ಮೇಲೆ ಗರಿ ಮುಚ್ಚಿದೆಯೇ ನೋಡಬೇಕು. ಮುಚ್ಚುತ್ತಾ ಬಂದ ಹಾಗೆ ಬಲ್ಬು ಮೇಲಕ್ಕೆತ್ತುವುದು, ಒಂದೊಂದೇ ಆರಿಸುವುದು. ನಾಲ್ಕನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಬಿಸಿಲಲ್ಲಿ ಒಂದು ತಾಸು ಹೊರಗೆ, ಮರುದಿನ ಎರಡು ತಾಸು, ಹೊತ್ತು ಇಳಿಯುವ ಮೊದಲು ಒಳಗೆ. ಹೀಗೆ ಎಂಟು ಹತ್ತು ದಿನ. ಇಷ್ಟೇ. ಕಣ್ಣಿದ್ದ ಯಾರಾದರೂ ಮಾಡಬಹುದಾದ ಕೆಲಸ ಇದು. ಆದರೆ ನನ್ನ ಇಡೀ ನೌಕರಿಯಲ್ಲಿ ಮರಿಯನ್ನು ನೋಡಿ ಮರಿಯನ್ನು ಹೊರಗೆ ಬಿಟ್ಟವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ ಮತ್ತೇನನ್ನೋ ನೋಡುತ್ತಿದ್ದರು.

ನನ್ನ ಮೊದಲ ಸಾಹೇಬರು ನೋಡುತ್ತಿದ್ದದ್ದು ಗೋಡೆಯ ಮೇಲಿನ ಕ್ಯಾಲೆಂಡರನ್ನು. ಚಿಕ್ಕೋಡಿ ಕಡೆಯ ಒಂದು ಮರಿ ಸಾಕಣೆ ಕೇಂದ್ರದಲ್ಲಿ ನಾನು ಆಗಷ್ಟೇ ಕೆಲಸಕ್ಕೆ ಹಾಜರಾಗಿದ್ದೆ. ಮರಿ ಬಂದ ದಿನ ಸಾಹೇಬರು ಕೆಂಪು ಪೆನ್ನಿನಿಂದ ಇಪ್ಪತ್ತೊಂದನೆಯ ದಿನಕ್ಕೆ ಸುತ್ತು ಹಾಕುತ್ತಿದ್ದರು. ಆ ದಿನ ಬಂತೆಂದರೆ ಬಲ್ಬು ಆರಿಸಬೇಕು, ಕಿಟಕಿಗೆ ಕಟ್ಟಿದ ಗೋಣಿಚೀಲ ಬಿಚ್ಚಬೇಕು. ಬೇಸಿಗೆಯಾದರೂ ಅದೇ, ಪುಷ್ಯ ಮಾಸದ ಥಂಡಿಯಾದರೂ ಅದೇ. ಅವರಿಗೆ ಯಾರೋ ತರಬೇತಿಯಲ್ಲಿ ಹೇಳಿದ್ದರು, ಇವರು ಅದನ್ನು ಪೂಜೆಗೆ ಇಟ್ಟುಕೊಂಡಿದ್ದರು.

ಆ ಸಲದ್ದು ಪುಷ್ಯ ಮಾಸವೇ. ಬೆಳಿಗ್ಗೆ ಉಸಿರು ಬಿಟ್ಟರೆ ಹೊಗೆ ಕಾಣುತ್ತಿತ್ತು. ನಾನು ನಾಲ್ಕು ಮರಿ ಹಿಡಿದು ನೋಡಿದೆ. ರೆಕ್ಕೆಗೆ ಗರಿ ಬಂದಿತ್ತು, ಬೆನ್ನು ಮಾತ್ರ ಇನ್ನೂ ಹಾಗೇ ಇತ್ತು. ಹೋಗಿ ಹೇಳಿದೆ. "ಸರ, ಬೆನ್ನ ಮ್ಯಾಲ ಇನ್ನೂ ತುಪ್ಪಳ ಅದಾವ್ರಿ. ಇನ್ನೊಂದ್ ವಾರ ಬಲ್ಬ್ ಇರ್ಲಿ."

ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಕ್ಯಾಲೆಂಡರ್ ನೋಡಪಾ ನೀ. ಮರೀ ಬೆನ್ನ ಯಾಕ ನೋಡಾಕ ಹೋಗ್ತಿ?"

ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಕೋಣೆಯ ಒಂದು ಮೂಲೆಯಲ್ಲಿ ಮರಿಗಳೆಲ್ಲ ಗುಡ್ಡೆ ಬಿದ್ದಿದ್ದವು. ಚಳಿಗೆ ಒಂದರ ಹೊಟ್ಟೆಯ ಕೆಳಗೆ ಒಂದು ಹೋಗಲು ನೋಡಿ, ಒಂದರ ಮೇಲೊಂದು ಹತ್ತಿ, ಕೆಳಗಿದ್ದವು ಉಸಿರು ಕಟ್ಟಿ ಸತ್ತಿದ್ದವು. ಮೇಲಿದ್ದವು ಬದುಕಿದ್ದವು. ನಾನು ಒಂದೊಂದನ್ನೇ ಎತ್ತಿ ಬೇರೆ ಮಾಡುತ್ತಾ ಕೂತೆ. ಇನ್ನೂ ಬೆಚ್ಚಗಿದ್ದ ಸತ್ತ ಮರಿ ಕೈಯಲ್ಲಿ ಹಿಡಿದರೆ ಎಂಥ ಸಂಕಟವಾಗುತ್ತದೆ ಎಂದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ನನಗೆ ಅಳು ಬಂತು. ಸಾಹೇಬರಿಗೆ ರಿಜಿಸ್ಟರ್ ನೆನಪಾಯಿತು. ಸಾವಿನ ಕಾರಣ ಎಂಬ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಅರ್ಧ ದಿನ ತಲೆ ಕೆರೆದುಕೊಂಡು, ಕೊನೆಗೆ "ಪ್ರಯಾಣದ ಆಯಾಸ ಅಂತ ಬರಿ" ಎಂದರು. ಮೂರು ವಾರ ಇದ್ದಲ್ಲೇ ಇದ್ದ ಮರಿಗಳು ಪ್ರಯಾಣದ ಆಯಾಸದಿಂದ ಸತ್ತವು ಎಂದು ನಾನು ದುಂಡಗಿನ ಅಕ್ಷರದಲ್ಲಿ ಬರೆದೆ. ಮೇಲಿನವರು ನೋಡಿ ಸಹಿ ಹಾಕಿದರು. ಎಲ್ಲಿಗೆ ಪ್ರಯಾಣ ಎಂದು ಒಬ್ಬರೂ ಕೇಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ಇಂಥ ಕಾರಣಗಳನ್ನು ಬರೆಯುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತು. ಹವಾಮಾನ ವೈಪರೀತ್ಯ, ಹುಟ್ಟು ದುರ್ಬಲತೆ, ಫಲಾನುಭವಿಯ ಅಲಕ್ಷ್ಯ. ಕೊನೆಯದು ಎಲ್ಲರಿಗೂ ಬಹಳ ಇಷ್ಟವಾಗುತ್ತಿತ್ತು. ಅದನ್ನು ಬರೆದರೆ ಕಚೇರಿಯೊಳಗಿನ ಯಾರೂ ತಪ್ಪಿತಸ್ಥರಾಗುತ್ತಿರಲಿಲ್ಲ.

ಎರಡನೆಯ ಸಾಹೇಬರು ದಕ್ಷಿಣದ ಕಡೆಯವರು. ಇವರು ಕ್ಯಾಲೆಂಡರ್ ನೋಡುತ್ತಿರಲಿಲ್ಲ, ಫೋಟೋ ನೋಡುತ್ತಿದ್ದರು. ಇವರ ಕೈಕೆಳಗೆ ಒಂದು ತಂಡದ ಮರಿಗಳನ್ನು ನಾನೇ ನಿಂತು ಬೆಳೆಸಿದ್ದೆ. ಹೊರಗಿನ ಬಿಸಿಲಿಗೆ ಹದವಾಗಿ ರೂಢಿಯಾಗಿ, ಗರಿ ಮಿಂಚುತ್ತಿದ್ದವು. ನಿಪ್ಪಾಣಿ ಕಡೆಯ ಒಂದು ಊರಿನಲ್ಲಿ ಅವನ್ನು ಹೆಣ್ಣುಮಕ್ಕಳಿಗೆ ಹಂಚುವ ಸಮಾರಂಭ. ಬೆಳಿಗ್ಗೆ ಹತ್ತಕ್ಕೆ ಎಂದರು, ತೂತು ಕೊರೆದ ರಟ್ಟಿನ ಡಬ್ಬಿಗಳಲ್ಲಿ ಮರಿ ತುಂಬಿಕೊಂಡು ಒಂಬತ್ತೂವರೆಗೆ ಹೋಗಿ ನಿಂತೆ. ಅಲ್ಲಿ ನೋಡಿದರೆ ವೇದಿಕೆಯ ಮೇಲೆ ಬ್ಯಾನರಿನ ಜಗಳ ಹತ್ತಿಕೊಂಡಿತ್ತು. ಕನ್ನಡದ ಬ್ಯಾನರ್ ಮೇಲಿರಬೇಕೋ ಮರಾಠಿಯದು ಮೇಲಿರಬೇಕೋ ಎಂದು ಎರಡು ಗುಂಪು. ಎರಡೂ ಗುಂಪಿನವರು ಎರಡೂ ಭಾಷೆಯಲ್ಲಿ ಚೆನ್ನಾಗಿಯೇ ಬೈದಾಡುತ್ತಿದ್ದರು. ಮುಖ್ಯ ಅತಿಥಿಗಳು ಯಾವ ಪಕ್ಷಕ್ಕೂ ಬೇಸರವಾಗಬಾರದೆಂದು ಕಾರಿನ ಗಾಜು ಏರಿಸಿಕೊಂಡು ತಂಪಿನಲ್ಲಿ ಕೂತಿದ್ದರು. ಡಬ್ಬಿಗಳು ಚೈತ್ರದ ಬಿಸಿಲಲ್ಲಿ ಇದ್ದವು.

ಹನ್ನೊಂದೂವರೆಯ ಹೊತ್ತಿಗೆ ಡಬ್ಬಿಯೊಳಗಿನ ಸದ್ದು ಬದಲಾಯಿತು. ಚಿಲಿಪಿಲಿ ನಿಂತು ಬರೀ ಏದುಸಿರು ಕೇಳತೊಡಗಿತು. ಮರಿ ಒಯ್ಯಲು ಬಂದಿದ್ದ ಒಬ್ಬ ಮುದುಕಿ ಎದ್ದು ನಿಂತು, "ಅಹೋ ಸಾಹೇಬ, ಬೋರ್ಡ್ ಯಾವ ಭಾಷಾದಾಗರ ಬರಕೋರಿ, ಮೊದ್ಲ ಮರಿಗಿ ನೀರ ತೋರಸ್ರಿ" ಎಂದು ಕೂಗಿದಳು. ಸಾಹೇಬರು ಆಕೆಯ ಕಡೆ ತಿರುಗಲೂ ಇಲ್ಲ. ನಾನು ಯಾರನ್ನೂ ಕೇಳದೆ ಡಬ್ಬಿಗಳನ್ನು ಬೇವಿನಮರದ ನೆರಳಿಗೆ ಎಳೆದು, ಮುಚ್ಚಳ ಬಿಚ್ಚಿ, ಮರಿಗಳನ್ನು ಹೊರಗೆ ಬಿಟ್ಟೆ. ಹೆಣ್ಣುಮಕ್ಕಳು ಸುತ್ತ ಕೂತು ಸೆರಗು ಹರಡಿ ಬೇಲಿಯಾದರು. ನೀರು ಕುಡಿದ ಮರಿಗಳು ಎರಡು ನಿಮಿಷಕ್ಕೆ ಅಂಗಳ ಕೆದರಲು ಹತ್ತಿದವು. ಒಂದೂ ಸಾಯಲಿಲ್ಲ.

ಆದರೆ ಬ್ಯಾನರ್ ಇತ್ಯರ್ಥವಾಗಿ ಅತಿಥಿಗಳು ಕಾರಿನಿಂದ ಇಳಿದಾಗ ಕೈಯಲ್ಲಿ ಹಿಡಿದು ಕೊಡಲು ಡಬ್ಬಿಯೊಳಗೆ ಮರಿ ಇರಲಿಲ್ಲ, ಫೋಟೋ ಬರಲಿಲ್ಲ. "ಯಾರು ನಿಮಗೆ ಹೇಳಿದ್ದು? ಯಾರ ಆದೇಶದ ಮೇಲೆ ಬಿಟ್ಟಿರಿ?" ಎಂದು ಸಾಹೇಬರು ಎಲ್ಲರೆದುರು ಕೂಗಾಡಿದರು. ಹದಿನೈದು ದಿನಕ್ಕೆ ನನಗೆ ಕಾಗವಾಡ ಕಡೆಗೆ ವರ್ಗವಾಯಿತು. ಅಶಿಸ್ತು ಎಂದು ಕಾರಣ ಕೊಟ್ಟಿದ್ದರು. ಮರಿ ಸತ್ತಾಗ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ, ಬದುಕಿಸಿದಾಗ ಮೆಮೊ ಬಂತು. ಆವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ಅದನ್ನು ನಾನು ಜಾಣತನ ಎಂದುಕೊಂಡಿದ್ದೆ.

ನಾನೀಗ ಹೇಳಬೇಕೆಂದಿರುವುದು ಆ ಜಾಣತನದ ಕತೆ.

ಕಾಗವಾಡ ಮತ್ತು ಅಥಣಿಯ ನಡುವಿನ ಒಂದು ಊರಿನಲ್ಲಿ ರಾವಸಾಬ ಗೌಡರು ಎಂಬ ದೊಡ್ಡ ದ್ರಾಕ್ಷಿ ತೋಟದವರಿದ್ದರು. ತಲೆತಲಾಂತರದಿಂದ ಸಸ್ಯಾಹಾರಿ ಮನೆತನ. ತತ್ತಿ ಎಂಬ ಮಾತು ಕೇಳಿದರೆ ಮೂಗು ಮುರಿಯುತ್ತಿದ್ದರು. ಆದರೆ ಹೆಣ್ಣುಮಕ್ಕಳಿಗೆ ನೂರು ಮರಿ, ಬ್ರೂಡರ್, ಆಹಾರ ಪುಕ್ಕಟೆ ಕೊಡುವ ಯೋಜನೆ ಬಂದಾಗ ಗೌಡರ ಹೆಂಡತಿ ಗೌಡಸಾನಿಯವರ ಹೆಸರಿನ ಅರ್ಜಿ ಎಲ್ಲರಿಗಿಂತ ಮೊದಲು ಬಂತು. ಆ ತಾಯಿ ಒಂದು ದಿನವೂ ಮರಿಗಳ ಮುಖ ನೋಡಿದವರಲ್ಲ. ಮನೆಯ ಹಿಂದೆ ದ್ರಾಕ್ಷಿ ಒಣಗಿಸುವ ಶೆಡ್ಡು ಹಂಗಾಮು ಮುಗಿದು ಖಾಲಿ ಬಿದ್ದಿತ್ತು. ಮರಿಗಳನ್ನು ಅಲ್ಲಿಟ್ಟರು. ಸಾಕಲು ಸುಜಾತಾ ಎಂಬ ಹೆಣ್ಣುಮಗಳಿಗೆ ಒಪ್ಪಿಸಿದರು. ಆಕೆ ಅವರ ತೋಟದಲ್ಲೇ ಕೂಲಿಗೆ ಬರುವವಳು. ದೊಡ್ಡವಾದ ಮೇಲೆ ಅರ್ಧ ಅವರಿಗೆ, ಅರ್ಧ ಆಕೆಗೆ ಎಂದು ಮಾತಾಗಿತ್ತು. ನಮ್ಮ ಕಡೆ ಆಡು, ಎಮ್ಮೆ ಪಾಲಿಗೆ ಕೊಡುವುದು ಹಳೆಯ ರೂಢಿ. ಕೋಳಿಗೂ ಅದನ್ನೇ ಹಚ್ಚಿದ್ದರು.

ಸುಜಾತಾಳಿಗೆ ಬೇಕಾಗಿದ್ದದ್ದು ಬರೀ ಆ ಅರ್ಧ ಮರಿಗಳಲ್ಲ. ಯೋಜನೆಯಲ್ಲಿ ಒಂದು ನಿಯಮವಿತ್ತು. ಮರಿಗಳನ್ನು ಎಂಟು ವಾರ ಬದುಕಿಸಿ ತೋರಿಸಿದವಳಿಗೆ ಮುಂದಿನ ಸಲ ಅವಳದೇ ಹೆಸರಿನಲ್ಲಿ ಮರಿ, ಬ್ರೂಡರ್, ಜಾಲರಿ ಎಲ್ಲ ಸಿಗುತ್ತಿತ್ತು. ಯಾರು ಸಾಕಿದರು ಎಂದು ವರದಿ ಬರೆಯುವವನು ನಾನು. "ಈ ಸಲ ನಿನ್ನ ಹೆಸರ ಬರೀತೀನಿ ಬಾಯಿ" ಎಂದು ಮಾತು ಕೊಟ್ಟಿದ್ದೆ. ಆಕೆ ತನ್ನ ಗುಡಿಸಲಿನ ಹಿಂದಿನ ಅಂಗಳಕ್ಕೆ ತೋಟದವರು ಬಿಸಾಕಿದ ಹಳೆಯ ಬಲೆ ತಂದು ಆಗಲೇ ಬೇಲಿ ಕಟ್ಟಿಬಿಟ್ಟಿದ್ದಳು. ನಾನು ನಕ್ಕಿದ್ದಕ್ಕೆ, "ನಗಬ್ಯಾಡ್ರಿ ಡಾಕ್ಟ್ರ. ಮಂದಿ ತ್ವಾಟದಾಗ ಬಗ್ಗಿ ಬಗ್ಗಿ ನಡಾ ಹೋತು. ನನ್ನ ಅಂಗಳದಾಗ ನಾನ ನಿಂತ ಮಾಡೂದು ಒಂದರ ಕೆಲ್ಸ ಬೇಕ್ರಿ ನನಗ" ಎಂದಿದ್ದಳು. ನಾನು ಡಾಕ್ಟರ್ ಅಲ್ಲ. ನಮ್ಮ ಹಳ್ಳಿಗಳಲ್ಲಿ ಸೂಜಿ ಹಿಡಿದವರೆಲ್ಲ ಡಾಕ್ಟರರೇ.

ಆಕೆಯ ಹಾಗೆ ಮರಿ ನೋಡುವವರನ್ನು ನಾನು ಕಂಡಿರಲಿಲ್ಲ. ಕರೆಂಟು ಹೋದರೆ ಇದ್ದಿಲ ಕೆಂಡ ತುಂಬಿದ ಶೆಗಡಿ ತಂದಿಡುತ್ತಿದ್ದಳು. ಮೂಲೆಯಲ್ಲಿ ಗುಡ್ಡೆ ಬೀಳಬಾರದೆಂದು ನಾಲ್ಕೂ ಮೂಲೆಗೆ ಕಬ್ಬಿನ ರವದಿಯನ್ನು, ಅಂದರೆ ಒಣಗಿದ ಸೋಗೆಯನ್ನು, ತುಂಬಿ ದುಂಡಗೆ ಮಾಡಿದ್ದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾಲ್ಕನೆಯ ವಾರ ನಾನು ಹೋದಾಗ ಮರಿಗಳ ಬೆನ್ನು ಗರಿಯಿಂದ ಮುಚ್ಚಿತ್ತು. ಶೆಡ್ಡು ಇಕ್ಕಟ್ಟಾಗತೊಡಗಿತ್ತು. ಹೊರಗೆ ಕಾರ್ತಿಕದ ಹದವಾದ ಬಿಸಿಲು. "ನಾಳಿಂದ ಹೊರಗ ಬಿಡು" ಎಂದೆ.

ಅಷ್ಟರಲ್ಲಿ ಗೌಡರು ಬಂದರು. "ಡಾಕ್ಟ್ರ, ಹೊರಗ ಗಿರಗ ಏನೂ ಬಿಡಾಂಗಿಲ್ರಿ. ಬರೂ ವಾರ ನಮ್ಮ ಹುಡುಗಿ ಸಾಖರಪುಡಾ ಐತಿ. ಬೀಗರು ಮಿರಜ ಕಡೇದವ್ರು, ದೊಡ್ಡ ಮಂದಿ. ಅಂಗಳದಾಗ ಕೋಳಿ ಅಡ್ಡ್ಯಾಡೂದು ನೋಡಿದ್ರ ಏನಂದಾರು? ಅವ್ರು ಬಂದ ಹೋಗೂತನಕ ಒಂದ್ ಮರೀನೂ ಕಾಣಬಾರ್ದು, ಕೇಳಬಾರ್ದು."

ನಿಶ್ಚಿತಾರ್ಥಕ್ಕೆ ಬರುವ ಬೀಗರಿಗೆ ಕೋಳಿಯ ಸುಳಿವು ಸಿಗಬಾರದೆಂದು ಶೆಡ್ಡಿನ ನಾಲ್ಕೂ ಬದಿಗೆ ತಾಡಪತ್ರಿ ಬಿಗಿದರು. ಸದ್ದು ಕೇಳಬಾರದೆಂದು ಶೆಡ್ಡಿನ ಬಾಗಿಲಿಗೆ ಒಂದು ಸ್ಪೀಕರ್ ಕಟ್ಟಿ ದಿನವಿಡೀ ಭಜನೆ ಹಚ್ಚಿದರು. ಇಂಥ ಬುದ್ಧಿ ಕೋಳಿಗಂತೂ ಬರಲಿಕ್ಕಿಲ್ಲ. ನಾನು ಸಾಹೇಬರಿಗೆ ಫೋನ್ ಮಾಡಿದೆ. ನಿಪ್ಪಾಣಿಯಲ್ಲಿ ನನ್ನನ್ನು ಬೈದ ಅದೇ ಸಾಹೇಬರು, ಬಡ್ತಿಯಾಗಿ ಈಗ ಈ ಭಾಗಕ್ಕೂ ಅವರೇ ಮೇಲಧಿಕಾರಿ. "ನೋಡಿ, ಗೌಡರು ಹೇಳಿದ ಹಾಗೆ ಕೇಳಿ. ಸುಮ್ಮನೆ ರಗಳೆ ಬೇಡ. ನನಗೂ ಆವತ್ತು ಊಟಕ್ಕೆ ಕರೆದಿದ್ದಾರೆ" ಎಂದರು.

ನಾನು ಸುಜಾತಾಳ ಕಡೆ ತಿರುಗಿದೆ. "ಎಂಟ ದಿನ ತಡ್ಕೋ ಬಾಯಿ."

"ನಾ ತಡ್ಕೋತೀನ್ರಿ ಡಾಕ್ಟ್ರ. ಮರಿ ತಡ್ಕೋತಾವೇನು?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಟರ್‌ಸೈಕಲ್ ಹತ್ತಿದೆ.

ಹೊಸಬರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಗರಿ ಬಂದ ಮರಿಯನ್ನು ಇಕ್ಕಟ್ಟಿನಲ್ಲಿ, ಬೆಳಕು ಗಾಳಿ ಇಲ್ಲದೆ ಕೂಡಿಹಾಕಿದರೆ ಮೊದಲು ಕೆಳಗಿನ ಹೊಟ್ಟು ಹಸಿಯಾಗಿ ಕಣ್ಣು ಉರಿಯುವಷ್ಟು ಘಾಟು ಏಳುತ್ತದೆ. ಆಮೇಲೆ ಮರಿಗಳು ಒಂದರ ಬಾಲ ಒಂದು ಕುಕ್ಕಲು ಶುರುಮಾಡುತ್ತವೆ. ರಕ್ತ ಕಂಡರೆ ಸಾಕು, ಎಲ್ಲವೂ ಅದರ ಮೇಲೇ ಬೀಳುತ್ತವೆ. ಎರಡನೆಯ ದಿನವೇ ಶೆಡ್ಡಿನಲ್ಲಿ ಇದು ಶುರುವಾಯಿತು. ಸುಜಾತಾ ಕುದುರೆಮೆಂತ್ಯದ ಹಸಿ ಮೇವನ್ನು ಸೂಡು ಕಟ್ಟಿ, ಮರಿಗಳಿಗೆ ಎಟುಕುವಂತೆ ಇಳಿಬಿಟ್ಟು ಅವುಗಳ ಚುಂಚಿಗೆ ಕೆಲಸ ಕೊಟ್ಟಳು. ಅದು ಅರ್ಧ ದಿನಕ್ಕೆ ಖಾಲಿಯಾಗುತ್ತಿತ್ತು. ಆಗ ಆಕೆ ಮತ್ತೊಂದು ದಾರಿ ಹಿಡಿದಳು. ಅದು ನನಗೆ ಗೊತ್ತಾದದ್ದು ಆಮೇಲೆ.

ದ್ರಾಕ್ಷಿ ತುಂಬುವ ಎರಡು ಕ್ರೇಟಿಗೆ ರವದಿ ಹಾಸಿ, ಕುಕ್ಕಿಸಿಕೊಂಡು ಬಾಲ ಬೋಳಾದ ಮರಿಗಳನ್ನು ಮೊದಲು ಆರಿಸಿ ತುಂಬಿ, ಮೇಲೆ ಗೋಣಿ ಮುಚ್ಚಿ, ಆಡಿಗೆ ಮೇವು ಒಯ್ಯುವವಳ ಹಾಗೆ ತಲೆಯ ಮೇಲಿಟ್ಟುಕೊಂಡು ತನ್ನ ಅಂಗಳಕ್ಕೆ ಹೋಗುತ್ತಿದ್ದಳು. ಹೀಗೆ ಎರಡು ಸಲ. ಮೊದಲ ದಿನ ಒಂದು ತಾಸು ಬಿಸಿಲಲ್ಲಿ ಬಿಟ್ಟಳು, ಎರಡನೆಯ ದಿನ ಎರಡು ತಾಸು. ಸಂಜೆಯ ಮೊದಲು ಅದೇ ಕ್ರೇಟಿನಲ್ಲಿ ತಂದು ಶೆಡ್ಡಿಗೆ ಬಿಡುತ್ತಿದ್ದಳು. ಅರ್ಧದಷ್ಟು ಮರಿಗಳಿಗೆ ಹೀಗೆ ಬಿಸಿಲು ತೋರಿಸಿದಳು. ಎಲ್ಲವನ್ನೂ ಒಯ್ದರೆ ಶೆಡ್ಡು ಖಾಲಿಯಾಗಿ ಸಿಕ್ಕಿಬೀಳುತ್ತಿದ್ದಳು. ಎಂಟು ದಿನ ತುಂಬುವ ಹೊತ್ತಿಗೆ ಆ ಬೋಳು ಮರಿಗಳು ಬಾಲಕ್ಕೆ ಗರಿ ಹೊಡೆದು, ನೆಲ ಕೆದರಿ ಹುಳ ಹೆಕ್ಕುವ ಗಟ್ಟಿ ಮರಿಗಳಾದವು. ಶೆಡ್ಡಿನಲ್ಲಿ ಉಳಿದವು ಇವುಗಳ ಮುಂದೆ ರೋಗಿಷ್ಟರಂತೆ ಕಾಣುತ್ತಿದ್ದವು.

ಸಾಖರಪುಡಾದ ದಿನ ಬಂತು. ಆವತ್ತು ಮನೆಯ ಅಂಗಳದ ಕಡೆ ಬರಬೇಡ ಎಂದು ಸುಜಾತಾಳಿಗೆ ಮೊದಲೇ ಹೇಳಿದ್ದರು. ಆಕೆಯ ಜಾತಿಯೂ ಕೋಳಿಯ ಹಾಗೆ ಬೀಗರ ಕಣ್ಣಿಗೆ ಬೀಳಬಾರದಾಗಿತ್ತು. ಬೆಳಗಾಗುವ ಮೊದಲೇ ಒಯ್ದಿದ್ದ ಮರಿಗಳು ಆಕೆಯ ಅಂಗಳದಲ್ಲೇ ಉಳಿದವು. ಊಟಕ್ಕೆ ನಾನೂ ಹೋಗಿದ್ದೆ, ಸಾಹೇಬರೂ ಬಂದಿದ್ದರು. ಹೋಳಿಗೆ ಚೆನ್ನಾಗಿತ್ತು.

ಊಟವಾದ ಮೇಲೆ ಹುಡುಗನ ತಂದೆ ಬೀಡಾ ಉಗುಳಲು ಹಿಂದಕ್ಕೆ ಹೋದರು. ಅದೇ ಹೊತ್ತಿಗೆ ಕರೆಂಟು ಹೋಗಿ ಭಜನೆ ನಿಂತಿತು. ಆ ಮನುಷ್ಯ ಕಿವಿಗೊಟ್ಟು ನಿಂತು, "ಮರಿ ಅದಾವೇನ್ರಿ ಒಳಗ?" ಎಂದರು. ಗೌಡರ ಮುಖ ಸುಟ್ಟ ಬದನೆಕಾಯಿಯಾಯಿತು. ಬೀಗರು ಜೋರಾಗಿ ನಕ್ಕರು. "ಯಾಕ ಅಂಜತೀರಿ? ನಮ್ಮವೂ ಎರಡ ಕೋಳಿ ಶೆಡ್ ಅದಾವ್ರಿ, ಸೋದರಳಿಯನ ಹೆಸರಿಲೆ. ತೆಗೀರಿ, ನೋಡೂಣು."

ಎಂಟು ದಿನ ಮುಚ್ಚಿಟ್ಟ ಮಾನ ಒಂದು ನಗೆಯಲ್ಲಿ ಹೋಯಿತು. ಅದರ ಜಾಗಕ್ಕೆ ಜಂಬ ಬಂದು ಕೂತಿತು. ಗೌಡರು ತಾವೇ ಮುಂದೆ ನಿಂತು ತಾಡಪತ್ರಿ ಬಿಚ್ಚಿಸಿದರು. ಒಳಗೆ ಘಾಟು, ಅರ್ಧದಷ್ಟೇ ಮರಿಗಳು, ಬೋಳು ಬಾಲ, ಅಲ್ಲಲ್ಲಿ ರಕ್ತ. ಬೀಗರು ಮೂಗಿಗೆ ಕರವಸ್ತ್ರ ಹಿಡಿದರು. ಗೌಡರಿಗೆ ಅವಮಾನವಾಯಿತು. "ನೂರ ಇದ್ವಲ್ಲಾ, ಉಳದವ ಎಲ್ಲಿ?" ಎಂದು ಗುಡುಗಿದರು. ದಿನಾ ಸುಜಾತಾ ಕ್ರೇಟು ಹೊತ್ತು ಹೋಗುವುದನ್ನು ನೋಡಿದ ಆಳು ಬಾಯಿಬಿಟ್ಟ. ಕರೆಕಳಿಸಿದರು.

ಆಕೆ ಎರಡೂ ಕ್ರೇಟು ಹೊತ್ತುಕೊಂಡೇ ಬಂದಳು, ಉಳಿದ ಮರಿಗಳನ್ನು ಕರೆಯಲು ಹೋದ ಆಳು ಬೇರೆ ಎರಡು ಕ್ರೇಟಿನಲ್ಲಿ ಹೊತ್ತು ತಂದ. ಎಲ್ಲರ ಮುಂದೆ ಇಳಿಸಿ ಗೋಣಿ ತೆಗೆದಳು. "ಎಣಿಸಿಕೊಳ್ರಿ. ಒಂದೂ ಕಡಿಮಿ ಇಲ್ಲ. ಬಿಸಲಿಗಿ ಒಯ್ದಿದ್ದೆ, ಸಂಜಿಕ ತಂದ ಬಿಡತಿದ್ದೆ."

"ಯಾರ್ನ ಕೇಳಿ ಒಯ್ದಿ? ಚಲೋ ಚಲೋವು ಆರಿಸಿಕೊಂಡ ಮನಿಗಿ ಸಾಗಿಸಾಕತ್ತೀಯೇನ? ಕಳ್ಳತನ ಇದು, ಕಳ್ಳತನ!" ಎಂದು ಗೌಡರು ಕೂಗಿದರು.

ಆಕೆ ನನ್ನ ಕಡೆ ನೋಡಿದಳು. ಗೌಡರೂ ನನ್ನ ಕಡೆ ತಿರುಗಿದರು. "ಡಾಕ್ಟ್ರ, ಮರಿ ತನ್ನ ಮನಿಗಿ ಒಯ್ಯಂತ ನೀವೇನರ ಹೇಳಿದ್ರೇನ್ರಿ ಇಕಿಗಿ?"

ಬೀಡಾ ತುಂಬಿದ ಬಾಯಿಯಲ್ಲಿ ಸಾಹೇಬರೂ ನನ್ನನ್ನೇ ನೋಡುತ್ತಿದ್ದರು. ಹೌದು, ನಾನೇ ಹೇಳಿದ್ದೆ ಎಂದು ಒಂದು ಮಾತು ಸಾಕಾಗಿತ್ತು. ಆಕೆ ಕಳ್ಳಿಯಾಗುತ್ತಿರಲಿಲ್ಲ, ಮುಂದಿನ ಸಲ ಮರಿ ಪಡೆಯುವವರ ಪಟ್ಟಿಯಲ್ಲಿ ಅವಳ ಹೆಸರು ಉಳಿಯುತ್ತಿತ್ತು. ಬಹಳವೆಂದರೆ ನನಗೆ ಇನ್ನೊಂದು ಮೆಮೊ, ಇನ್ನೊಂದು ವರ್ಗ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಾರೂಗೇರಿಯಲ್ಲಿ ಕಟ್ಟಿಸುತ್ತಿದ್ದ ಮನೆಯ ಗಿಲಾವು ಆಗಷ್ಟೇ ಮುಗಿದಿತ್ತು.

"ಇಲ್ರಿ" ಎಂದೆ. "ನಾ ಹೇಳಿಲ್ರಿ. ತಡ್ಕೋ ಅಂತ ಹೇಳಿದ್ದೆ."

ನೌಕರಿಯುದ್ದಕ್ಕೂ ರಿಜಿಸ್ಟರಿನಲ್ಲಿ ನಾನು ಬರೆದ ಸುಳ್ಳಿಗೆ ಲೆಕ್ಕವಿಲ್ಲ. ಸಾಹೇಬರಿಗಾಗಿ ಬರೆದೆ, ಕಚೇರಿಗಾಗಿ ಬರೆದೆ, ನನ್ನ ಹೊಟ್ಟೆಪಾಡಿಗಾಗಿ ಬರೆದೆ. ಆವತ್ತು ಒಂದೇ ಒಂದು ಸುಳ್ಳು ಒಬ್ಬ ಹೆಣ್ಣುಮಗಳ ಕೆಲಸಕ್ಕೆ ಬರುವಂತಿತ್ತು. ಆಗ ನನಗೆ ಸತ್ಯ ಹೇಳುವ ಹುಕಿ ಬಂತು.

ಸುಜಾತಾ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಟಳು. ಆಕೆ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಬೀಗರು ಕ್ರೇಟಿನಿಂದ ಒಂದು ಮರಿ ಎತ್ತಿ, ರೆಕ್ಕೆ ಬಿಡಿಸಿ, ಎದೆ ಒತ್ತಿ ನೋಡಿ, "ಹಿಂಗಿರಬೇಕ್ರಿ ಮರಿ ಅಂದ್ರ! ಯಾರ್ ಸಾಕ್ಯಾರ?" ಎಂದರು. "ನಮ್ಮ ಮನಿಯವ್ರ" ಎಂದರು ಗೌಡರು. ಸಾಹೇಬರು ತಲೆಯಾಡಿಸಿದರು.

ಎಂಟನೆಯ ವಾರ ವರದಿ ಬರೆದೆ. ಸಾಕಿದವರು ಎಂಬಲ್ಲಿ ಗೌಡಸಾನಿಯವರ ಹೆಸರು. ಮುಂದಿನ ಸಲದ ಪಟ್ಟಿಯಲ್ಲಿ ಸುಜಾತಾಳ ಹೆಸರಿನ ಮುಂದೆ ಏನು ಬರೆಯಬೇಕೆಂದು ಸಾಹೇಬರೇ ಹೇಳಿದರು, "ಆಸಕ್ತಿ ಇಲ್ಲದೆ ಸ್ವಇಚ್ಛೆಯಿಂದ ಹಿಂದೆ ಸರಿದಿದ್ದಾರೆ." ಅದನ್ನೂ ದುಂಡಗೆ ಬರೆದೆ. ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಗೌಡಸಾನಿಯವರನ್ನು ಅಥಣಿಗೆ ಕರೆದು ಶಾಲು ಹೊದಿಸಿದರು. ಕೈಯಲ್ಲಿ ಒಂದು ಮರಿ ಹಿಡಿಯಿರಿ, ಫೋಟೋಕ್ಕೆ ಚೆನ್ನಾಗಿ ಕಾಣುತ್ತದೆ ಎಂದರೆ ಆ ತಾಯಿ ಹೌಹಾರಿ ಹಿಂದೆ ಸರಿದರು. ಕೊನೆಗೆ ಮರಿಯನ್ನು ನಾನೇ ಪಕ್ಕದಲ್ಲಿ ಹಿಡಿದು ನಿಂತೆ. ಆ ಫೋಟೋ ಈಗಲೂ ಕಚೇರಿಯ ಗೋಡೆಯ ಮೇಲಿದೆ, ಬೇಕಾದರೆ ನೋಡಿ.

ಸ್ವಲ್ಪ ದಿನ ಬಿಟ್ಟು ಆಡಿಗೆ ಲಸಿಕೆ ಹಾಕುವ ನೆಪ ಮಾಡಿಕೊಂಡು ಆಕೆಯ ಮನೆಗೆ ಹೋದೆ. ಮೊದಲೆಲ್ಲ ದೂರದಿಂದಲೇ "ಜೈಭೀಮ್ ರೀ ಡಾಕ್ಟ್ರ" ಎನ್ನುತ್ತಿದ್ದವಳು ಆವತ್ತು ಏನೂ ಅನ್ನದೆ ಆಡಿನ ಕೊರಳು ಹಿಡಿದು ನಿಂತಳು. ಬೇಲಿಯೊಳಗಿನ ಅಂಗಳ ಖಾಲಿ ಇತ್ತು. ಸೂಜಿ ಹಾಕಿದೆ. ಹೇಗಾದರೂ ಮಾತು ತೆಗೆಯಬೇಕೆಂದು, "ಆವತ್ತ ನನಗ ಬ್ಯಾರೆ ದಾರಿ ಇರಲಿಲ್ಲ ಬಾಯಿ" ಎಂದೆ.

"ಇರ್ಲಿ ಬಿಡ್ರಿ. ನೀವೇನ ಸುಳ್ಳ ಹೇಳಲಿಲ್ಲಲ್ಲ" ಎಂದು ಆಡನ್ನು ಬಿಚ್ಚಿಕೊಂಡು ಒಳಗೆ ಹೋದಳು.

ಬೈಗುಳ ತಿಂದವನು ಮರೆಯಬಹುದು. ಇದು ಇವತ್ತಿಗೂ ಚುಚ್ಚುತ್ತದೆ.

ಆಕೆ ಯಾವ ಯೋಜನೆಗೂ ಕಾಯಲಿಲ್ಲ. ಎಲ್ಲಿಂದಲೋ ಎರಡು ಜವಾರಿ ಹೇಂಟೆಕೋಳಿ ತಂದು ಕಾವಿಗೆ ಕೂರಿಸಿದಳು. ನಾಲ್ಕೈದು ವರ್ಷದಲ್ಲಿ ಆ ಅಂಗಳ ತುಂಬಿತು. ಈಗ ಗೌಡರ ತೋಟಕ್ಕೆ ಹೋಗುವುದಿಲ್ಲ. ಸುತ್ತಲಿನ ಹತ್ತು ಊರಿನ ಹೆಣ್ಣುಮಕ್ಕಳು ಮರಿ ಯಾವಾಗ ಹೊರಗೆ ಬಿಡಬೇಕೆಂದು ಕೇಳಲು ಆಕೆಯ ಹತ್ತಿರ ಹೋಗುತ್ತಾರೆ, ದವಾಖಾನೆಗೆ ಬರುವುದಿಲ್ಲ. ಗೌಡರ ಶೆಡ್ಡಿನಲ್ಲಿ ಮತ್ತೆ ದ್ರಾಕ್ಷಿ ಒಣಗುತ್ತಿದೆ. ಅವರ ಹೆಸರಿಗೆ ಎರಡನೆಯ ಸಲ ಬಂದ ಮರಿಗಳು ಏನಾದವು ಎಂದು ಕೇಳಬೇಡಿ. ಅದಕ್ಕೂ ನಾನು ಒಂದು ಕಾರಣ ಬರೆದಿದ್ದೆ.

ಅನುಭವ ಕೇಳಲು ಬಂದಿದ್ದಿರಲ್ಲ, ನನ್ನಲ್ಲಿರುವುದು ಇಷ್ಟೇ. ಕೆಲಸ ಕಲಿಯಬೇಕೆಂದಿದ್ದರೆ ಆಕೆಯ ಊರಿಗೆ ಹೋಗಿ. ಬಸ್ಸು ಇಳಿದು ಸುಜಾತಾಬಾಯಿ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಮೊಬೈಲ್ ಕಿಸೆಯಲ್ಲಿಟ್ಟು ಎರಡು ದಿನ ಸುಮ್ಮನೆ ಬೇಲಿಯ ಹತ್ತಿರ ಕೂತು ಆಕೆ ಮಾಡುವುದನ್ನು ನೋಡಿ. ಕೇಳಿದರೆ ಹೇಳಿಕೊಡುತ್ತಾಳೆ, ಚಹಾನೂ ಕೊಡುತ್ತಾಳೆ. ನಾನು ಕಳಿಸಿದೆ ಅಂತ ಮಾತ್ರ ಹೇಳಬೇಡಿ.